ಬಲಗೈ ಕೈಗವಸಿನ ನಡುಬೆರಳು

೨೦೨೩ರ ಅಕ್ಟೋಬರ್ ಇಪ್ಪತ್ತೈದು, ಬುಧವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ವಸುಧಾ ಕುಲಕರ್ಣಿ ಸ್ಟೋರಿನ ಕಿಟಕಿಯ ಹತ್ತಿರ ನಿಂತು, ಗಾಳಿ ತುಂಬಿ ಉಬ್ಬಿದ ರಬ್ಬರ್ ಕೈಗವಸೊಂದನ್ನು ಎಡಗೆನ್ನೆಗೆ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಹೊರಗಿನಿಂದ ನೋಡಿದವರಿಗೆ ಆ ಕೈಗವಸು ಅವರ ಕಿವಿಯಲ್ಲಿ ಯಾರ ಮೇಲೋ ಚಾಡಿ ಹೇಳುತ್ತಿರುವಂತೆ ಕಾಣುತ್ತಿತ್ತು.

ಬಾಗಿಲಲ್ಲಿ ಲೈನ್‌ಮನ್ ಮಡಿವಾಳಪ್ಪ ತಲೆಗೆ ಹೆಲ್ಮೆಟ್, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಕಾಯುತ್ತಿದ್ದ. ಅವನ ಪಕ್ಕದಲ್ಲಿ ಸೂಪರ್‌ವೈಸರ್ ಅಮಿತ. ಹಿಂದಿನ ದಿನ ದಸರೆ. ಹಬ್ಬದ ಬನ್ನಿ ಎಲೆಗಳನ್ನು ಅಂಗೈಯಲ್ಲಿಟ್ಟುಕೊಂಡೇ ಅಮಿತ ಒಳಗೆ ಬಂದಿದ್ದ.

“ಬಾಯಾರ, ಬನ್ನಿ ತಗೋರಿ. ಬಂಗಾರದಂಗ ಇರೂನು.”

“ಅಲ್ಲಿಡು,” ಎಂದರು ವಸುಧಾ, ಕಣ್ಣು ತೆರೆಯದೆ.

ಅಮಿತ ಎಲೆಗಳನ್ನು ಮೇಜಿನ ಮೇಲಿಟ್ಟು ಮಡಿವಾಳಪ್ಪನ ಕಡೆ ನೋಡಿ ಹುಬ್ಬು ಹಾರಿಸಿದ. ಅಷ್ಟರಲ್ಲಿ ವಸುಧಾ ಅವರ ಕೆನ್ನೆಗೆ ತಣ್ಣನೆಯ ಗಾಳಿಯ ಎಳೆಯೊಂದು ತಾಗಿತು. ಅವರು ಕೈಗವಸನ್ನು ಇನ್ನಷ್ಟು ಬಿಗಿಯಾಗಿ ಸುತ್ತಿದರು. ಎಳೆ ಇನ್ನಷ್ಟು ತಣ್ಣಗಾಯಿತು.

“ಇದು ಹೋಗಂಗಿಲ್ಲ,” ಎಂದರು.

ಬಸವನ ಬಾಗೇವಾಡಿಯಿಂದ ಮಸೂತಿಗೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ಸೌರ ವಿದ್ಯುತ್ ಘಟಕದಲ್ಲಿ ವಸುಧಾ ಆರು ವರ್ಷದಿಂದ ಸ್ಟೋರ್‌ಕೀಪರ್. ಬಿಸಿಲಿನಿಂದ ಬಂದ ವಿದ್ಯುತ್ತು ಅಲ್ಲಿಂದ ಮೂವತ್ಮೂರು ಸಾವಿರ ವೋಲ್ಟಿನ ಲೈನಿನಲ್ಲಿ ಹೊರಗೆ ಹೋಗುತ್ತದೆ. ಅವತ್ತು ನಸುಕಿನಲ್ಲಿ ಮೂರನೇ ಕಂಬದ ಇನ್ಸುಲೇಟರ್ ಒಡೆದು ಲೈನು ನಿಂತಿತ್ತು. ಮಡಿವಾಳಪ್ಪ ಕಂಬ ಹತ್ತಿ ಅದನ್ನು ಬದಲಿಸಬೇಕು. ಹತ್ತುವ ಮೊದಲು, ಬಂದ್ ಮಾಡಿದ ಲೈನಿನಲ್ಲಿ ಉಳಿದಿರಬಹುದಾದ ವಿದ್ಯುತ್ತನ್ನು ಉದ್ದನೆಯ ಕೋಲಿನಿಂದ ಭೂಮಿಗೆ ಇಳಿಸಬೇಕು. ಜೀವಕ್ಕೆ ಅಪಾಯವಿರುವುದು ಆ ಐದು ನಿಮಿಷದಲ್ಲಿ. ಆ ಐದು ನಿಮಿಷ ಅವನ ಕೈ ಮತ್ತು ಸಾವಿನ ನಡುವೆ ಇರುವುದು ಮೂರೂವರೆ ಮಿಲಿಮೀಟರ್ ದಪ್ಪದ ರಬ್ಬರು.

ವಸುಧಾ ಬಕೆಟ್ಟಿನಲ್ಲಿ ನೀರು ತರಿಸಿ, ಉಬ್ಬಿದ ಕೈಗವಸನ್ನು ಬೆರಳು ಕೆಳಗಾಗಿ ಮುಳುಗಿಸಿದರು. ನಡುಬೆರಳಿನಿಂದ ಗುಳ್ಳೆಗಳು ಎದ್ದವು. ಒಂದು ಸಾಲಲ್ಲ, ಎರಡು ಸಾಲು, ಒಂದರ ಪಕ್ಕ ಒಂದು.

ಮಡಿವಾಳಪ್ಪ ಬಗ್ಗಿ ನೋಡಿದ. “ಸೂಜಿ ಮೊನಿಯಷ್ಟ ಐತಿ ಅಲ್ರಿ ಬಾಯಾರ. ಅದರಾಗ ಏನ್ ಬರ್ತೈತಿ?”

“ಮೂವತ್ಮೂರು ಸಾವಿರ ವೋಲ್ಟಿಗೆ ತಲಬಾಗಿಲಾ ತೆಗದಿಡಬೇಕೇನೋ? ಸೂಜಿ ಮೊನಿ ಸಾಕು.”

“ಮ್ಯಾಲ ಚರ್ಮದ ಗ್ಲೌಸ್ ಹಾಕ್ಕೊಂತಾನಲ್ರಿ,” ಎಂದ ಅಮಿತ. ಅವನ ಜೇಬಿನಲ್ಲಿ ಫೋನು ಮೂರನೇ ಸಲ ನಡುಗುತ್ತಿತ್ತು. ವಿಜಯಪುರದಿಂದ ಮ್ಯಾನೇಜರು.

“ಚರ್ಮ ಇರೋದು ರಬ್ಬರ್ ಹರೀಬಾರದಂತ. ಕರೆಂಟ್ ತಡೀಲಿಕ್ಕೆ ಅಲ್ಲ. ಇದನ್ನ ನೀ ಡಿಪ್ಲೊಮಾದಾಗ ಓದಿ ಪಾಸಾಗೀದಿ.”

ಇನ್ನೊಂದು ಜೋಡಿ ಕೈಗವಸು ಆರು ತಿಂಗಳಿಗೊಮ್ಮೆ ಮಾಡಿಸುವ ವಿದ್ಯುತ್ ಪರೀಕ್ಷೆಗೆ ಹೋಗಿತ್ತು, ಶುಕ್ರವಾರ ಬರಬೇಕು. ಮುದ್ದೇಬಿಹಾಳದ ಹತ್ತಿರ ಇನ್ನೊಂದು ಘಟಕವಿದೆ. ಅಲ್ಲಿಂದ ಒಂದು ಜೋಡಿ ಕೇಳಿ ತರಲು ಜೀಪು ಹೊರಟಿತು. ಹೋಗಿ ಬರಲು ಎರಡೂವರೆ ತಾಸು. ಬಿಸಿಲು ಏರತೊಡಗಿತ್ತು, ಲೈನು ಸತ್ತಿತ್ತು, ಮತ್ತು ವಸುಧಾ ಅವರ ತಲೆಯಲ್ಲಿ ಒಂದೇ ಪ್ರಶ್ನೆ ಎದ್ದು ಕುಳಿತಿತ್ತು: ಈ ತೂತು ಮಾಡಿದವರು ಯಾರು?

ಏಕೆಂದರೆ ಇದೇ ಜೋಡಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವರ ಕೆನ್ನೆಯ ಪರೀಕ್ಷೆಯಲ್ಲಿ ಪಾಸಾಗಿತ್ತು. ರಿಜಿಸ್ಟರಿನಲ್ಲಿ ಅವರದೇ ಸಹಿ ಇತ್ತು. ಮಂಗಳವಾರ ರಜೆ. ಸ್ಟೋರಿನ ಬೀಗಕ್ಕೆ ಎರಡೇ ಕೀಲಿ. ಒಂದು ಅವರ ಸೀರೆಯ ಸೆರಗಿನ ತುದಿಯಲ್ಲಿ. ಇನ್ನೊಂದು ಅಮಿತನ ಹತ್ತಿರ.

ಸಂಶಯ ಪಡುವುದನ್ನು ವಸುಧಾ ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಇಂಡಿ ಊರಿನ ತವರುಮನೆಯಲ್ಲಿ ಅವರ ತಾಯಿ ಜಾನಕಿಬಾಯಿ ಹಾಲಿನವ ಅಳೆದುಕೊಟ್ಟ ಮೇಲೆ ನೊರೆ ಪೂರ್ತಿ ಇಳಿಯುವವರೆಗೆ ಅವನನ್ನು ಕಟ್ಟೆಯಿಂದ ಏಳಲು ಬಿಡುತ್ತಿರಲಿಲ್ಲ. ಬೆಣ್ಣೆ ತಂದರೆ ಮೂಸಿ, ಎಳ್ಳು ತಂದರೆ ಕೈಯಲ್ಲಿ ಉಜ್ಜಿ, ಬಂಗಾರ ತಂದರೆ ಇಬ್ಬರು ಪತ್ತಾರರಿಗೆ ತೋರಿಸಿ ಒಳಗಿಡುವ ಮನೆ ಅದು. ವಸುಧಾ ಅದರ ಮೇಲೆ ರಸಾಯನಶಾಸ್ತ್ರದ ಬಿ.ಎಸ್‌ಸಿ. ಹೊದಿಸಿದರು, ಅಷ್ಟೇ. ಗ್ಯಾಸ್ ಸಿಲಿಂಡರ್ ಬಂದಾಗ ಸಾಬೂನು ನೊರೆ ಹಚ್ಚಿ ನೋಡುತ್ತಾರೆ. ಔಷಧಿಯ ತಾರೀಖನ್ನು ಅಂಗಡಿಯವನ ಎದುರಿಗೇ ಜೋರಾಗಿ ಓದುತ್ತಾರೆ. ಅವರ ಗಂಡ ರಾಘವೇಂದ್ರ ಸಿಂದಗಿಯಲ್ಲಿ ಹನ್ನೆರಡು ವರ್ಷ ಗಣಿತ ಕಲಿಸಿ ಬಾಗೇವಾಡಿಗೆ ವರ್ಗವಾಗಿ ಬಂದವರು. “ಲಗ್ನದಾಗ ನಾ ತಾಳಿ ಕಟ್ಟಿದ ಮ್ಯಾಲೆ ಗಂಟು ಬಿಗಿ ಅದನೋ ಇಲ್ಲೋ ಅಂತ ಈಕಿ ಜಗ್ಗಿ ನೋಡಿದ್ಲು,” ಎಂದು ಅವರು ಬಂದವರ ಮುಂದೆಲ್ಲ ಹೇಳುತ್ತಾರೆ. ವಸುಧಾ ಅದನ್ನು ಇದುವರೆಗೆ ಅಲ್ಲಗಳೆದಿಲ್ಲ.

ಘಟಕದಲ್ಲಿ ಮೊದಮೊದಲು ಎಲ್ಲರೂ ನಗುತ್ತಿದ್ದರು. ೨೦೧೯ರಲ್ಲಿ ಹೊಸ ಕೈಗವಸುಗಳ ಪೆಟ್ಟಿಗೆ ಬಂತು. ಪ್ರತಿ ಜೋಡಿಯ ಮೇಲೂ ಪರೀಕ್ಷೆಯ ಮುದ್ರೆ, ಜೊತೆಗೆ ಪ್ರಮಾಣಪತ್ರ, ಆಗಸ್ಟ್ ಹನ್ನೊಂದನೇ ತಾರೀಖು. ವಸುಧಾ ಕ್ಯಾಲೆಂಡರ್ ನೋಡಿದರು. ಅವತ್ತು ರವಿವಾರ. ಪ್ರಯೋಗಾಲಯಕ್ಕೆ ಪತ್ರ ಬರೆದು, ನೀವು ರವಿವಾರವೂ ಕೆಲಸ ಮಾಡುತ್ತೀರಾ ಎಂದು ಕೇಳಿದರು. ಅಂಥ ಕೈಗವಸುಗಳನ್ನು ನಾವು ನೋಡಿಯೇ ಇಲ್ಲ ಎಂದು ಉತ್ತರ ಬಂತು. ಪೆಟ್ಟಿಗೆ ವಾಪಸು ಹೋಯಿತು. ಆಮೇಲೆ ನಗುವವರು ಅವರ ಬೆನ್ನ ಹಿಂದೆ ಮಾತ್ರ ನಗತೊಡಗಿದರು.

ಅವರು ಮಾಡುವುದು ಬಹಳವೇನಲ್ಲ, ಆದರೆ ಒಂದನ್ನೂ ಬಿಡುವುದಿಲ್ಲ. ಮುದ್ರೆಯ ತಾರೀಖು ಆರು ತಿಂಗಳ ಒಳಗಿದೆಯೇ ಎಂದು ಮೊದಲು ನೋಡುತ್ತಾರೆ. ಬೆರಳುಗಳ ನಡುವಿನ ಸಂದಿಯನ್ನು ಹಿಗ್ಗಿಸಿ ಬಿರುಕು ಹುಡುಕುತ್ತಾರೆ. ಒಳಗನ್ನು ಹೊರಗೆ ಮಗುಚಿ ಮತ್ತೆ ಅದನ್ನೇ ಮಾಡುತ್ತಾರೆ. ರಬ್ಬರು ಎಲ್ಲಾದರೂ ಉಬ್ಬಿ ಮೆತ್ತಗಾಗಿದ್ದರೆ, ಅಂಟುತ್ತಿದ್ದರೆ, ಎಣ್ಣೆ ತಾಗಿದೆ ಎಂದು ಅರ್ಥ. ಕೊನೆಗೆ ತೋಳಿನ ಕಡೆಯಿಂದ ಚಾಪೆಯಂತೆ ಸುತ್ತುತ್ತ ಗಾಳಿಯನ್ನು ಬೆರಳುಗಳಿಗೆ ಒತ್ತಿ ಕೆನ್ನೆಗೆ ಹಿಡಿಯುತ್ತಾರೆ. ಬಾಯಿಂದ ಊದುವುದಿಲ್ಲ, ಉಸಿರಿನ ಪಸೆ ಒಳಗೆ ಉಳಿಯುತ್ತದೆ. ಇಷ್ಟಾದ ಮೇಲೂ ಮಡಿವಾಳಪ್ಪನ ಬೆರಳಿನ ತಾಮ್ರದ ಉಂಗುರ ಬಿಚ್ಚಿಸಿ, ಉಗುರು ನೋಡಿಯೇ ಕೈಗವಸು ಕೊಡುವುದು.

“ಸಾಲಿಗೆ ಹೋಗೂ ಮುಂದ ನಮ್ಮವ್ವನೂ ಇಷ್ಟು ನೋಡ್ತಿದ್ದಿಲ್ರಿ,” ಎಂದು ಐವತ್ತೆರಡರ ಮಡಿವಾಳಪ್ಪ ಪ್ರತಿಸಲವೂ ಗೊಣಗುತ್ತಾನೆ. ಉಂಗುರವನ್ನು ಮಾತ್ರ ತಾನಾಗಿ ಬಿಚ್ಚಿ ಅವರ ಮೇಜಿನ ಮೇಲಿಡುತ್ತಾನೆ.

ಈಗ ವಸುಧಾ ಮೊದಲು ನೋಡಿದ್ದು ಕೈಗವಸಿನ ತೋಳಿನ ಮೇಲಿನ ನಂಬರು. ರಿಜಿಸ್ಟರಿನಲ್ಲಿದ್ದ ನಂಬರೇ. ಅಂದರೆ ಯಾರೂ ಬದಲಿಸಿಲ್ಲ. ಹಾಗಾದರೆ ಒಯ್ದು, ಬಳಸಿ, ತಂದಿಟ್ಟಿದ್ದಾರೆ. ಹಿಂದಿನ ವಾರದ ಮಾತೊಂದು ನೆನಪಾಯಿತು. ಅಮಿತ ಇದೇ ಮೇಜಿಗೆ ಒರಗಿ ನಿಂತು ಕೇಳಿದ್ದ: “ಹಳೇ ಗ್ಲೌಸ್ ಇದ್ರ ಒಂದು ಜೋಡಿ ಕೊಡ್ರಿ ಬಾಯಾರ. ಯಂಕಂಚ್ಯಾಗ ನಮ್ಮ ಮಾವ ಹೊಲದಾಗಿನ ಪಂಪಿನ ಫ್ಯೂಜ್ ಬರಿಗೈಲೆ ಹಾಕ್ತಾನ.”

ವಸುಧಾ ಕೊಟ್ಟಿರಲಿಲ್ಲ. “ಬರಿಗೈಗೆ ಅಂಜಿಕಿ ಇರ್ತದ. ತೂತಿನ ಗ್ಲೌಸ್ ಹಾಕ್ಕೊಂಡ ಕೈಗೆ ಅಂಜಿಕಿನೂ ಇರಂಗಿಲ್ಲ,” ಎಂದಿದ್ದರು. ಅಮಿತ ಮೋರೆ ಸಣ್ಣದು ಮಾಡಿಕೊಂಡು ಹೋಗಿದ್ದ.

ಅವರು ಕಿಟಕಿಯಿಂದ ಹೊರಗೆ ನೋಡಿದರು. ಅಮಿತನ ಮೋಟಾರ್ ಸೈಕಲ್ಲಿನ ಗಾಲಿಗೆ ಎರೆಮಣ್ಣು ಮೆತ್ತಿತ್ತು. ಬೂಟಿಗೂ.

“ಅಮಿತ, ಇಲ್ಲಿ ಬಾ. ನಿನ್ನಿ ಎಲ್ಲಿ ಹೋಗಿದ್ದಿ?”

“ಯಂಕಂಚಿಗೆ ಹೋಗಿದ್ನಿರಿ. ಮಾವಗ ಬನ್ನಿ ಕೊಟ್ಟು ಬಂದ್ನಿ. ಯಾಕ್ರಿ?”

“ಬರೇ ಬನ್ನಿ ಒಯ್ದಿದ್ದೋ, ಮತ್ತೇನರ ಒಯ್ದಿದ್ದೋ?”

ಅಮಿತನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಅವನ ಮುಖ ಕೆಂಪಾಯಿತು. “ನಾ ಈ ಗ್ಲೌಸ್ ಒಯ್ದೇನಿ ಅಂತೀರೇನ್ರಿ? ಮಡಿವಾಳಪ್ಪ ಹಾಕ್ಕೊಳ್ಳೂ ಗ್ಲೌಸ್ ನಮ್ಮ ಮಾವಗ ಕೊಡ್ತೇನೇನ್ರಿ?”

“ಕೊಟ್ಟಿ ಅನ್ನಲಿಲ್ಲ. ಕೇಳ್ಲಿಕತ್ತೀನಿ.”

“ಕೇಳೂದು ಬ್ಯಾರೆ ಇರ್ತೈತ್ರಿ. ನೀವು ದೇವರ ತೀರ್ಥಾನೂ ಮೂಸಿ ನೋಡಿ ಕುಡ್ಯಾವ್ರು. ಆದ್ರ ಮನುಷ್ಯಾರ್ನೂ ಹಿಂಗ ಊದಿ ನೋಡಬ್ಯಾಡ್ರಿ ಬಾಯಾರ.”

ಅವನು ಕೀಲಿಯನ್ನು ಮೇಜಿನ ಮೇಲೆ, ಬನ್ನಿ ಎಲೆಗಳ ಪಕ್ಕ, ಸಪ್ಪಳವಾಗುವಂತೆ ಇಟ್ಟು ಹೊರಗೆ ಹೋದ. ಬಾಗಿಲಲ್ಲಿ ಕೂತಿದ್ದ ಮಡಿವಾಳಪ್ಪ ಯಾರ ಮುಖವನ್ನೂ ನೋಡದೆ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ.

ವಸುಧಾ ಅವರ ಸಂಶಯಕ್ಕೆ ಒಂದು ನಿಯಮವಿತ್ತು. ಸಂಶಯ ಬಂದಮೇಲೆ ಅದನ್ನೂ ಪರೀಕ್ಷಿಸಬೇಕು. ಅವರು ಒದ್ದೆ ಕೈಗವಸನ್ನು ಒರೆಸಿ, ಒಳಗು ಹೊರಗೆ ಮಾಡಿ, ಭೂತಗನ್ನಡಿ ಹಿಡಿದರು. ಪಂಪಿನ ಫ್ಯೂಜಿಗೆ ಬಳಸಿದ್ದರೆ ಎರೆಮಣ್ಣು, ಗ್ರೀಸು, ಬೆವರಿನ ಕಲೆ ಇರಬೇಕಿತ್ತು. ಒಂದೂ ಇರಲಿಲ್ಲ. ತಾವೇ ಒಳಗೆ ಸವರಿದ್ದ ಬಿಳಿ ಪುಡಿ ಬೆರಳುಗಳ ಬುಡದಲ್ಲಿ ಇನ್ನೂ ಹಾಗೆಯೇ ಅಂಟಿತ್ತು. ತೂತುಗಳು ತಂತಿ ಗೀರಿದಂತೆ ಹರಿದಿರಲಿಲ್ಲ. ಗುಂಡಗೆ, ಸ್ವಚ್ಛವಾಗಿ, ಹೊರಗಿನಿಂದ ಒಳಕ್ಕೆ ಚುಚ್ಚಿದಂತಿದ್ದವು. ಸ್ಟೀಲ್ ಪಟ್ಟಿ ಇಟ್ಟು ಅಳೆದರು. ಎರಡರ ನಡುವೆ ಹನ್ನೊಂದು ಮಿಲಿಮೀಟರ್.

ಕೈಗವಸು ಸ್ಟೋರಿನಿಂದ ಹೊರಗೆ ಹೋಗಿಯೇ ಇಲ್ಲ ಎಂದಾಯಿತು. ತೂತು ಇಲ್ಲೇ, ಈ ಕೋಣೆಯೊಳಗೇ ಆಗಿದೆ. ಇಲಿ? ಇಲಿ ಕಡಿಯುತ್ತದೆ, ಚುಚ್ಚುವುದಿಲ್ಲ. ಮೊಳೆ? ಗೋಡೆಯ ಮೊಳೆ, ಕೈಗವಸು ಇಡುವ ಚೀಲದ ಹಿಂದಿನ ಕುಣಿಕೆಗೆ ಮಾತ್ರ ತಾಗುತ್ತದೆ. ಅವರು ಕಾವಲುಗಾರ ಭೀಮುವನ್ನು ಕರೆದರು. ಭೀಮು ಕನ್ನೊಳ್ಳಿಯವ, ಅರವತ್ತರ ಹತ್ತಿರ ಬಂದವ, ಸೋಮವಾರ ಪೂಜೆಗೆ ಸ್ಟೋರು ಗುಡಿಸಿದವನು ಅವನೇ.

“ಭೀಮಣ್ಣ, ಸೋಮವಾರ ಪೂಜಾ ಆದ ಮ್ಯಾಲೆ ಈ ಚೀಲಾ ಯಾರರ ಮುಟ್ಟ್ಯಾರೇನು?”

“ಯಾರು ಮುಟ್ತಾರ್ರಿ? ನೀವು ಮುಟ್ಟಾಕ ಬಿಟ್ರ ಅಲ್ಲ!” ಎಂದ ಭೀಮು. ಅವನ ದನಿಯಲ್ಲಿ ಎರಡು ದಿನದ ಹಳೆಯ ಮುನಿಸು ಇತ್ತು. “ಎಲ್ಲಾ ಹತಾರಕ್ಕ ವಿಭೂತಿ, ಕುಂಕುಮ, ಎಣ್ಣಿ ಹಚ್ಚಿದ್ವಿ. ಇದಕ್ಕ ಹಚ್ಚಾಕ ಬಿಡಲಿಲ್ಲ ನೀವು.”

ಅದು ನಿಜ. ಸೋಮವಾರ ಖಂಡೇಪೂಜೆ, ಅಂದರೆ ಆಯುಧಪೂಜೆ. ಇಕ್ಕಳ, ಪಾನಾ, ಏಣಿ, ಅರ್ಥಿಂಗ್ ಕೋಲು, ಜೀಪು ಎಲ್ಲಕ್ಕೂ ಪೂಜೆ. ಭೀಮು ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೈಗವಸಿನ ಹತ್ತಿರ ಬಂದಾಗ ವಸುಧಾ ಅಡ್ಡ ನಿಂತಿದ್ದರು. ಎಣ್ಣೆ ತಾಗಿದ ರಬ್ಬರು ಒಳಗೊಳಗೇ ಸಾಯುತ್ತದೆ ಎಂದಿದ್ದರು. ಆಗ ಮಡಿವಾಳಪ್ಪನೇ ನಡುವೆ ಬಾಯಿ ಹಾಕಿದ್ದ. “ನನ್ನ ಜೀಂವ ಇರೂದ ಅದರಾಗ್ರಿ. ಸುತ್ತಿಗಿಗೆ ಪೂಜಿ, ಅದಕ್ಕ ಇಲ್ಲಂದ್ರ ಹೆಂಗ್ರಿ?”

ಆ ಮಾತಿಗೆ ವಸುಧಾ ಅವರ ಮನಸ್ಸು ಮೆತ್ತಗಾಗಿತ್ತು. ಎಣ್ಣೆ ಬೇಡ, ಕುಂಕುಮ ಬೇಡ, ಚೀಲದ ಹೊರಗೆ ಒಂದು ನಿಂಬೆಹಣ್ಣು ಕಟ್ಟೋಣ ಎಂದಿದ್ದರು. ಹಣ್ಣು ಇಂಡಿಯ ತವರಿನಿಂದ ಬಂದದ್ದೇ. ಹುಳಿ ರಸವೂ ರಬ್ಬರಿಗೆ ತಾಗದಿರಲೆಂದು ಚೀಲದ ಮುಚ್ಚಳ ಹಾಕಿ ಗುಂಡಿ ಒತ್ತಿ, ಅದರ ಮೇಲೆ—

ವಸುಧಾ ಅಲ್ಲಿಗೇ ನಿಂತರು.

“ಭೀಮಣ್ಣ, ಆ ಚೀಲಾ ಕೊಡು.”

ಮೊಳೆಗೆ ತೂಗುಬಿದ್ದಿದ್ದ ದಪ್ಪ ಕ್ಯಾನ್ವಾಸ್ ಚೀಲ. ಕೈಗವಸುಗಳನ್ನು ಅದರಲ್ಲಿ ಮಡಚದೆ, ಬೆರಳು ಮೇಲಾಗಿ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದರೆ ಬೆರಳ ತುದಿಗಳು ಮುಚ್ಚಳದ ಕೆಳಗೇ ಬರುತ್ತವೆ. ಮುಚ್ಚಳದ ಮೇಲೆ ಕೆಂಪು ದಾರದಲ್ಲಿ ಬಾಡಿದ ನಿಂಬೆಹಣ್ಣು. ಕ್ಯಾನ್ವಾಸು ದಪ್ಪ, ಸಾದಾ ಸೂಜಿ ಇಳಿಯಲಿಲ್ಲವೆಂದು ಗೋಣಿಚೀಲ ಹೊಲಿಯುವ ದಬ್ಬಣದಿಂದ ಮೊದಲು ಎರಡು ತೂತು ಹೊಡೆದು, ಆಮೇಲೆ ಮುಚ್ಚಳ ಎತ್ತಿ ದಾರ ಪೋಣಿಸಿ ಗಂಟು ಹಾಕಿದ್ದರು. ಭೀಮು ಅಲ್ಲ, ಅಮಿತ ಅಲ್ಲ. ಬೇರೆಯವರು ಸರಿಯಾಗಿ ಮಾಡುತ್ತಾರೋ ಇಲ್ಲವೋ ಎಂಬ ಸಂಶಯದಿಂದ ದಬ್ಬಣವನ್ನು ಭೀಮುವಿನ ಕೈಯಿಂದ ಕಸಿದುಕೊಂಡು ತಾವೇ ಚುಚ್ಚಿದ್ದರು.

ಅವರು ದಾರ ಕತ್ತರಿಸಿ, ಹಣ್ಣು ಬದಿಗಿಟ್ಟು, ಮುಚ್ಚಳದ ಎರಡು ತೂತುಗಳ ಮೇಲೆ ಸ್ಟೀಲ್ ಪಟ್ಟಿ ಇಟ್ಟರು. ಹನ್ನೊಂದು ಮಿಲಿಮೀಟರ್. ಪಟ್ಟಿ ತಿರುಗಿಸಿ ಇನ್ನೊಮ್ಮೆ ಅಳೆದರು. ಪಟ್ಟಿಯ ಮೇಲೂ ಸಂಶಯ ಪಟ್ಟರು ಅನ್ನಿ. ಅಷ್ಟೇ ಬಂತು.

ಅವರು ರಿಜಿಸ್ಟರಿನಲ್ಲಿ ಸೋಮವಾರದ ತಮ್ಮ ಸಹಿ ತೆರೆದು ನೋಡಿದರು. ಒಂಬತ್ತಕ್ಕೆ ಪರೀಕ್ಷೆ, ಹನ್ನೊಂದಕ್ಕೆ ಪೂಜೆ. ಪರೀಕ್ಷೆ ಆಗಿಹೋಗಿದೆ ಎಂಬ ಧೈರ್ಯದಲ್ಲೇ ಚುಚ್ಚಿದ್ದು. ಇವತ್ತು ಬೆಳಿಗ್ಗೆ ಅಮಿತನ ಫೋನಿನ ಗಡಿಬಿಡಿಗೆ ಸೋತು, ಸೋಮವಾರ ನೋಡಿದ್ದೀನಲ್ಲ ಎಂದು ಕೊಟ್ಟುಬಿಟ್ಟಿದ್ದರೆ? ಆ ನಡುಬೆರಳಿನೊಳಗೆ ಮಡಿವಾಳಪ್ಪನ ಬೆರಳು ಇರುತ್ತಿತ್ತು.

ಅವರು ಹೊರಗೆ ಬಂದರು. ಅಮಿತ ಬೇವಿನ ನೆರಳಲ್ಲಿ ಬೆನ್ನು ಮಾಡಿ ನಿಂತಿದ್ದ.

“ಅಮಿತ, ಮಡಿವಾಳಪ್ಪ, ಭೀಮಣ್ಣ, ಮೂರೂ ಮಂದಿ ಕೇಳ್ರಿ. ತೂತು ನಾ ಮಾಡೀನಿ. ನಿಂಬಿಹಣ್ಣು ಕಟ್ಟೂ ಮುಂದ ದಬ್ಬಣ ಒಳಗ ಹೋಗ್ಯದ. ಅಳದು ನೋಡೀನಿ.”

ಭೀಮು ಮೆಲ್ಲಗೆ, “ಕುಂಕುಮ ಹಚ್ಚಿದ್ರ ನಡೀತಿತ್ತು,” ಎಂದ.

“ಕುಂಕುಮಾನೂ ಬ್ಯಾಡ, ನಿಂಬಿಹಣ್ಣೂ ಬ್ಯಾಡ. ಮುಂದಿನ ವರ್ಷ ಅದಕ್ಕ ದೂರಿಂದ ಕೈಮುಗೀರಿ,” ಎಂದರು ವಸುಧಾ. ಆಮೇಲೆ ಅಮಿತನ ಕಡೆ ತಿರುಗಿದರು. “ನಿನಗ ಹಂಗ ಕೇಳಬಾರದಿತ್ತು. ತಪ್ಪಾತು.” ಸೆರಗಿನ ಮರೆಯಲ್ಲಿದ್ದ ಕೈ ಮುಂದೆ ಬಂತು. ಅದರಲ್ಲಿ ಬನ್ನಿ ಎಲೆ ಇತ್ತು, ಅವನ ಕೀಲಿಯೂ ಇತ್ತು. “ತಗೋ. ಬಂಗಾರದಂಗ ಇರೂಣು.”

ಅಮಿತ ಎಲೆಯನ್ನು ತೆಗೆದುಕೊಂಡ. ಮೂಗಿನ ಹತ್ತಿರ ಹಿಡಿದು ಮೂಸಿದ, ಬೆಳಕಿಗೆ ಎತ್ತಿ ನೋಡಿದ, ಕೊನೆಗೆ ಕೆನ್ನೆಗೆ ಹಿಡಿದುಕೊಂಡು ಕಣ್ಣು ಮುಚ್ಚಿದ.

“ಪಾಸ್ ಐತ್ರಿ ಬಾಯಾರ,” ಎಂದ. ಮಡಿವಾಳಪ್ಪ ನಕ್ಕ ನಗುವಿಗೆ ಬೇವಿನ ಮೇಲಿನ ಗಿಣಿಗಳು ಎದ್ದವು.

ವಸುಧಾ ಒಳಗೆ ಹೋಗಿ ತಿರಸ್ಕೃತ ಕೈಗವಸನ್ನು ಮತ್ತೆ ಯಾರೂ ಬಳಸದಂತೆ ಕತ್ತರಿಯಿಂದ ತೋಳಿನಿಂದ ಬೆರಳಿನವರೆಗೆ ಸೀಳಿದರು. ರಿಜಿಸ್ಟರಿನ ಕಾರಣದ ಅಂಕಣದಲ್ಲಿ ‘ಸ್ಟೋರ್‌ಕೀಪರ್ ಅಜಾಗರೂಕತೆ’ ಎಂದು ಬರೆದು ತಮ್ಮ ಹೆಸರು ಹಾಕಿದರು. ಹತ್ತು ಐವತ್ತಕ್ಕೆ ಮುದ್ದೇಬಿಹಾಳದ ಜೋಡಿ ಬಂತು.

“ಅವ್ರು ನೋಡೇ ಕಳಿಸ್ಯಾರಂತ್ರಿ,” ಎಂದ ಅಮಿತ, ಉತ್ತರ ಗೊತ್ತಿದ್ದೂ.

“ಅವರ ಕೆನ್ನಿ ಬ್ಯಾರೆ, ನನ್ನ ಕೆನ್ನಿ ಬ್ಯಾರೆ,” ಎಂದು ವಸುಧಾ ಕೈಗವಸನ್ನು ಸುತ್ತತೊಡಗಿದರು. ಎಡಗೈ, ಬಲಗೈ, ಒಳಗು, ಹೊರಗು. ಮಡಿವಾಳಪ್ಪ ಹೇಳಿಸಿಕೊಳ್ಳದೆ ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟ. ಹನ್ನೆರಡೂವರೆಗೆ ಅವನು ಕಂಬದಿಂದ ಇಳಿದು ಬಂದು ಅದನ್ನು ಮತ್ತೆ ಹಾಕಿಕೊಂಡ.

ಅಂದಿನಿಂದ ಆ ಸ್ಟೋರಿನಲ್ಲಿ ಒಂದು ಕ್ರಮ ಬದಲಾಗಿದೆ. ಖಂಡೇಪೂಜೆ ಮುಗಿದ ಮೇಲೆ ಎಲ್ಲ ಕೈಗವಸುಗಳ ಪರೀಕ್ಷೆ ಹೊಸದಾಗಿ ಆಗುತ್ತದೆ. ದಬ್ಬಣ ಈಗ ಬೇರೆ ಕೋಣೆಯಲ್ಲಿದೆ. ಕೈಗವಸು ಕೊಡುವ ಮುನ್ನ ಮಡಿವಾಳಪ್ಪನೂ ಒಮ್ಮೆ ಅದನ್ನು ತನ್ನ ಕೆನ್ನೆಗೆ ಹಿಡಿಯಬೇಕು. ವಸುಧಾ ಪಾಸು ಮಾಡಿದ್ದರ ಮೇಲೆ ಇನ್ನೊಬ್ಬರು ಸಂಶಯ ಪಡಲಿ ಎಂದು ಅವರೇ ಮಾಡಿದ ನಿಯಮ.

ಡಿಸೆಂಬರಿನಲ್ಲಿ ವಿಜಯಪುರದಲ್ಲಿ ಸುರಕ್ಷತೆಯ ಸಭೆ ನಡೆಯಿತು. ಅರ್ಧ ದಿನ ಘಟಕ ನಿಂತದ್ದನ್ನು ಮರೆಯದ ಮ್ಯಾನೇಜರು ಎಲ್ಲರೆದುರು ನಗುತ್ತಲೇ ಕೇಳಿದರು: “ಬಾಯಾರ, ಆರು ವರ್ಷದಾಗ ನಿಮ್ಮ ಸಂಶಯ ಎಷ್ಟು ಸಲ ಖರೇ ಆಗೇತಿ, ಲೆಕ್ಕ ಐತೇನ್ರಿ?”

ವಸುಧಾ ಎದ್ದು ನಿಂತರು. ಚೀಟಿ ನೋಡಲಿಲ್ಲ.

“ಮೂರು ಸಾವಿರದ ನೂರಾ ಹದಿನಾಲ್ಕು ಸಲ ನೋಡೀನ್ರಿ. ತೂತು ಸಿಕ್ಕಿದ್ದು ಒಂಬತ್ತು ಸಲ. ಅದರಾಗ ನಾನಽ ಮಾಡಿದ್ದು, ಒಂದು.”